ನೂರು ಚಿತ್ರಗಳ ಪಟ್ಟಿ, ಒಂದು ಬೋಗುಣಿ ಅವರೆಕಾಳು

ಮೈಸೂರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಮನೆ ಮಂಡ್ಯದಲ್ಲಿ, ಓಡಾಟ ರೈಲಿನಲ್ಲಿ. ಪಟ್ಟಿ ಕಂಡರೆ ಟಿಕ್ ಹಾಕದೆ ಬಿಡಲಾಗದ ಚಟ ಲೆಕ್ಕದವರಿಗೆಲ್ಲ ಇರುತ್ತದೆಯೋ ಏನೋ, ನನಗಂತೂ ಇದೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳಿ ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿ ಪ್ರಕಟಿಸುತ್ತಾ ಬಂದಿದೆ. 2012ರ ಪಟ್ಟಿ ಕೈಗೆ ಸಿಕ್ಕಿದಾಗ ನೂರು ಹೆಸರನ್ನೂ ಉದ್ದನೆಯ ಲೆಕ್ಕದ ಪುಸ್ತಕಕ್ಕೆ ಇಳಿಸಿಕೊಂಡೆ. ಪಕ್ಕದಲ್ಲಿ ಟಿಕ್ ಹಾಕಲು ಒಂದು ಕಲಂ.

ಆ ಪಟ್ಟಿಯ ಋಣ ನನ್ನ ಮೇಲಿದೆ, ಸುಳ್ಳು ಹೇಳಬಾರದು. ರಾಜ್‌ಕುಮಾರ್ ಚಿತ್ರಗಳ ಮ್ಯಾಟಿನಿಯಲ್ಲಿ ಬೆಳೆದ ನನಗೆ ಓಜು ಎಂಬ ಜಪಾನಿ ನಿರ್ದೇಶಕನ ಹೆಸರು ಬೇರೆ ಯಾರು ಹೇಳುತ್ತಿದ್ದರು? ಆದರೆ ನೋಡಿದ ಬಗೆ ಕೇಳಬೇಡಿ. ಮೂರನೆಯ ಸ್ಥಾನದಲ್ಲಿದ್ದ ‘ಟೋಕಿಯೋ ಸ್ಟೋರಿ’ಯನ್ನು ರೈಲಿನಲ್ಲಿ, ಮೊಬೈಲಿನಲ್ಲಿ ನೋಡಿದೆ. ಪಾಂಡವಪುರ ದಾಟುವಾಗ ಕಣ್ಣು ಹತ್ತಿತು. ಶ್ರೀರಂಗಪಟ್ಟಣದಲ್ಲಿ ಎಚ್ಚರವಾದಾಗ ಮುದುಕ ಮುದುಕಿ ಇಬ್ಬರೂ ಕಡಲ ದಂಡೆಯ ಗೋಡೆಯ ಮೇಲೆ ಕುಳಿತಿದ್ದರು. ಅಲ್ಲಿಗೆ ಯಾಕೆ ಬಂದರು, ಯಾರು ಕಳುಹಿಸಿದರು, ಒಂದೂ ತಿಳಿಯಲಿಲ್ಲ. ಆದರೂ ರಾತ್ರಿ ಮನೆಗೆ ಬಂದು ಟಿಕ್ ಹಾಕಿದೆ.

ಟಿಕ್‌ಗಳ ಸಂಖ್ಯೆ ಅರುವತ್ತನ್ನು ದಾಟಿದ ಮೇಲೆ ವೃತ್ತಿಬುದ್ಧಿ ಜಾಗೃತವಾಯಿತು. ಮತಗಳನ್ನೇ ಲೆಕ್ಕ ಹಾಕಿ ನೋಡಿದೆ. ಆ ಸಲ ಮತ ಹಾಕಿದವರು 846 ಜನ. ಒಬ್ಬೊಬ್ಬರಿಗೂ ಹತ್ತು ಹೆಸರು. ಹತ್ತರಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಪ್ರಶ್ನೆಯಿಲ್ಲ, ಎಲ್ಲಕ್ಕೂ ಒಂದೊಂದೇ ಮತ. ಮೊದಲ ಸ್ಥಾನಕ್ಕೆ ಬಂದ ಹಿಚ್‌ಕಾಕ್‌ನ ‘ವರ್ಟಿಗೋ’ಗೆ ಬಿದ್ದದ್ದು 191. ಅಂದರೆ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಜನ ಅದನ್ನು ತಮ್ಮ ಹತ್ತರಲ್ಲಿ ಸೇರಿಸಿರಲೇ ಇಲ್ಲ. ಎಲ್ಲರ ಮನಸ್ಸಿನಲ್ಲೂ ಹನ್ನೊಂದನೆಯದಾಗಿ ಉಳಿದ ಚಿತ್ರವಿದ್ದರೆ ಅದಕ್ಕೆ ಸೊನ್ನೆ. ಈ ಜಮಾಖರ್ಚನ್ನು ನಂಬಿ ನಾನು ವರ್ಷಗಟ್ಟಲೆ ನಿದ್ದೆ ಕೆಟ್ಟಿದ್ದೆ!

2022ರ ಡಿಸೆಂಬರಿನಲ್ಲಿ ಹೊಸ ಪಟ್ಟಿ ಬಂತು. ಮತ ಹಾಕಿದವರು 1,600ಕ್ಕೂ ಹೆಚ್ಚು. ಹತ್ತು ವರ್ಷದ ಹಿಂದೆ ಮೊದಲ ಮೂವತ್ತರಲ್ಲೂ ಇರದಿದ್ದ, ಶಾಂತಾಲ್ ಆಕೆರ್‌ಮನ್ 1975ರಲ್ಲಿ ಮಾಡಿದ ‘ಜಾನ್ ಡೀಲ್ಮನ್’ ಒಮ್ಮೆಲೇ ತುದಿಗೇರಿತ್ತು. ಚಿತ್ರ ಅದೇ, ಬದಲಾದದ್ದು ಮತದಾರರು. ಬ್ರಸೆಲ್ಸ್‌ನ ವಿಧವೆಯೊಬ್ಬಳ ಮೂರು ದಿನಗಳ ಕಥೆ, 201 ನಿಮಿಷ. ಅಡುಗೆ, ಪಾತ್ರೆ, ಹಾಸಿಗೆ, ದಿನಕ್ಕೊಬ್ಬ ಗಿರಾಕಿ. ಅವನು ಕೊಟ್ಟ ಹಣ ಊಟದ ಮೇಜಿನ ಮೇಲಿರುವ ಪಿಂಗಾಣಿ ಪಾತ್ರೆಗೆ ಹೋಗುತ್ತದೆ.

ಜನವರಿಯ ಒಂದು ಭಾನುವಾರ ಅದನ್ನು ಟಿವಿಯಲ್ಲಿ ಹಾಕಿದೆ. ಅವರೆಕಾಯಿಯ ಕಾಲ. ಅಮ್ಮ ನೆನೆಸಿದ ಕಾಳಿನ ಬೋಗುಣಿ ಮುಂದಿಟ್ಟುಕೊಂಡು ಹಿತಕುತ್ತಾ ಕುಳಿತಿದ್ದರು. ಭಾಷೆ ಬಾರದು, ಆದರೆ ಆ ಚಿತ್ರದಲ್ಲಿ ಮಾತೇ ಕಡಿಮೆ. ನಾನು ಇನ್ನೆಷ್ಟು ನಿಮಿಷ ಉಳಿದಿದೆ ಎಂದು ನೋಡುತ್ತಿದ್ದೆ. ಎರಡನೆಯ ದಿನ ಅವಳ ಆಲೂಗಡ್ಡೆ ಬೆಂದು ಹಾಳಾದಾಗ ಅಮ್ಮನ ಬೆರಳು ನಿಂತಿತು. “ಇವಳಿಗೆ ಏನೋ ಆಗಿದೆ ಕಣೋ. ಒಲೆಯ ಮೇಲೆ ಇಟ್ಟು ಮರೆಯುವ ಹೆಂಗಸಲ್ಲ ಇವಳು. ಆಗಲೇ ದುಡ್ಡಿನ ಪಾತ್ರೆಯ ಮುಚ್ಚಳವನ್ನೂ ಹಾಕಲಿಲ್ಲ.”

ನಾನು ಮುಚ್ಚಳ ಗಮನಿಸಿರಲಿಲ್ಲ. ಹಿಂದಕ್ಕೆ ಓಡಿಸಿ ನೋಡಿದೆ. ಹೌದು, ಪಾತ್ರೆ ಬಾಯಿ ತೆರೆದುಕೊಂಡೇ ಇತ್ತು. ಕೊನೆಯವರೆಗೂ ನೋಡಿದ ಅಮ್ಮ, “ಪಾಪ” ಎಂದು ಒಂದೇ ಮಾತು ಹೇಳಿ ಸಿಪ್ಪೆಯನ್ನು ಮೊರಕ್ಕೆ ಸುರಿದುಕೊಂಡು ಒಳಗೆ ಹೋದರು. ಹಿತಕಿದ ಬೇಳೆಯ ಸಾರಿಗೆ ಆ ರಾತ್ರಿ ಉಪ್ಪು ಮುಂದಾಗಿತ್ತು.

ಈಗ ಪಟ್ಟಿಯನ್ನು ಬೇರೆ ರೀತಿ ಬಳಸುತ್ತೇನೆ. ಒಟ್ಟು ಪಟ್ಟಿಗಿಂತ ಒಬ್ಬೊಬ್ಬ ವಿಮರ್ಶಕ ಕೊಟ್ಟ ಹತ್ತು ಹೆಸರು ಹೆಚ್ಚು ಉಪಯೋಗಕ್ಕೆ ಬರುತ್ತವೆ; ಅವನ್ನೂ ಪತ್ರಿಕೆಯೇ ಪ್ರಕಟಿಸುತ್ತದೆ. ನನಗೆ ಪ್ರಿಯವಾದ ಮೂರು ಚಿತ್ರ ಯಾರ ಹತ್ತರಲ್ಲಿ ಇವೆಯೋ ಅವರ ಉಳಿದ ಏಳನ್ನು ಹುಡುಕುತ್ತೇನೆ. ನೂರರೊಳಗೆ ಎಂದೂ ಬಾರದ ಚಿತ್ರಗಳು ಹೀಗೆ ಸಿಕ್ಕಿವೆ.

ಕನ್ನಡ ಎಲ್ಲಿದೆ ಎಂದು ಕೇಳುವವರಿಗೆ: ಆ 2022ರ ನೂರರಲ್ಲಿ ಭಾರತದ್ದು ಒಂದೇ, ‘ಪಥೇರ್ ಪಾಂಚಾಲಿ’. ಅದೇ ವರ್ಷ ಚಿತ್ರವಿಮರ್ಶಕರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಪ್ರೆಸ್ಕಿಯ ಭಾರತೀಯ ಘಟಕ ನಮ್ಮ ದೇಶದ ಹತ್ತು ಚಿತ್ರ ಆರಿಸಿದಾಗ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ಐದನೆಯ ಸ್ಥಾನ ಸಿಕ್ಕಿತು. 1977ರ ಆ ಚಿತ್ರದ ದುರಸ್ತಿಗೊಂಡ ಪ್ರತಿ ವೆನಿಸ್ ಉತ್ಸವದಲ್ಲಿ ತೆರೆ ಕಂಡದ್ದು 2024ರಲ್ಲಿ. ಒಳ್ಳೆಯ ಪ್ರತಿಯೇ ಕೈಗೆ ಸಿಗದ ಚಿತ್ರಕ್ಕೆ ಲಂಡನ್ನಿನಲ್ಲಿ ಯಾರು ಮತ ಹಾಕುತ್ತಾರೆ? ಇನ್ನು ನಮ್ಮ ಜಿಲ್ಲೆಯ ಹಳ್ಳಿಯಲ್ಲಿ, ಹಳ್ಳಿಯವರನ್ನೇ ಹಾಕಿಕೊಂಡು ತೆಗೆದ ‘ತಿಥಿ’ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು, ನಿಜ. ಆದರೆ ಅದರ ಬೈಗುಳಗಳಿಗೆ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕ ನಗು ಯಾವ ಉಪಶೀರ್ಷಿಕೆ ಓದಿದವನಿಗೂ ಬಾರದು.

ಲೆಕ್ಕದ ಪುಸ್ತಕ ಇನ್ನೂ ಇದೆ. ‘ಟೋಕಿಯೋ ಸ್ಟೋರಿ’ಯ ಟಿಕ್ಕನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. ಅಮ್ಮ ಸದ್ಯ ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಅಲ್ಲಿ ಜಾಗ ಸಾಲದು, ಮುಂದಿನ ವಾರ ಕಳುಹಿಸಿಕೊಡುತ್ತೇನೆ ಎಂದಿದ್ದಾಳೆ ತಂಗಿ. ಬಂದ ಮೇಲೆ ಇಬ್ಬರೂ ನೋಡಬೇಕು.