ಖಾಸಗಿ ವಿಶ್ವವಿದ್ಯಾಲಯ ಆರಿಸುವ ಮುನ್ನ: ಹೆಸರನ್ನೂ ಓದನ್ನೂ ಹೋಲಿಸುವುದು ಹೇಗೆ?

ಪಿಯುಸಿ ಮುಗಿದ ಮನೆಗಳಲ್ಲಿ ಈಗ ಒಂದೇ ಚರ್ಚೆ. ಬಿಟ್ಸ್ ಪಿಲಾನಿ ಒಳ್ಳೆಯದಾ, ವಿಐಟಿಯಾ, ಮಣಿಪಾಲವಾ? ನಾಲ್ಕು ವರ್ಷದ ಬದುಕು, ಹಲವು ಲಕ್ಷ ರೂಪಾಯಿ. ನೆಂಟರ ಮಾತಿಗೋ ಜಾಹೀರಾತಿಗೋ ಇಷ್ಟು ದೊಡ್ಡ ತೀರ್ಮಾನ ಬಿಡಬಾರದು. ಎಂಜಿನಿಯರಿಂಗ್ ಸೇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ದಾರಿ ಹೇಳುತ್ತೇನೆ.

ಮೊದಲು, ಯಾವ ಸಂಸ್ಥೆ, ಯಾವ ಕ್ಯಾಂಪಸ್ ಎಂದು ಖಚಿತ ಮಾಡಿಕೊಳ್ಳಿ. ಮಣಿಪಾಲದ ಮಾಹೆ (ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಶನ್) ಬೇರೆ, ಜೈಪುರದ ಮಣಿಪಾಲ್ ವಿಶ್ವವಿದ್ಯಾಲಯ ಬೇರೆ. ವಿಐಟಿಯ ಚೆನ್ನೈ ಕ್ಯಾಂಪಸ್ ವೆಲ್ಲೂರಿನ ಸಂಸ್ಥೆಯದೇ ಭಾಗ. ಭೋಪಾಲ್ ಮತ್ತು ಅಮರಾವತಿಯಲ್ಲಿ ಇರುವುದು ಪ್ರತ್ಯೇಕ ವಿಶ್ವವಿದ್ಯಾಲಯಗಳು. ಪದವಿ ಪತ್ರದಲ್ಲಿ ಯಾರ ಹೆಸರು ಬರುತ್ತದೆ ಎಂದು ನೇರವಾಗಿ ಕೇಳಿ.

ಎರಡನೆಯದು ರ‍್ಯಾಂಕಿಂಗ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸ್ಥಾನ ಕೊಡುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ನೂರಕ್ಕೆ 30 ಅಂಕ ಬೋಧನೆ ಮತ್ತು ಸೌಲಭ್ಯಕ್ಕೆ, 30 ಸಂಶೋಧನೆಗೆ, 20 ವಿದ್ಯಾರ್ಥಿಗಳು ಪಾಸಾಗಿ ಏನಾದರು ಎಂಬುದಕ್ಕೆ. ಉಳಿದದ್ದರಲ್ಲಿ 10 ಎಲ್ಲ ವರ್ಗದವರಿಗೂ ಅವಕಾಶ ಇದೆಯಾ ಎಂಬುದಕ್ಕೆ, 10 ಜನಾಭಿಪ್ರಾಯಕ್ಕೆ. ಸಂಶೋಧನಾ ಲೇಖನ ಜಾಸ್ತಿ ಬಂದರೆ ಸ್ಥಾನ ಮೇಲೇರುತ್ತದೆ. ಆದರೆ ಎರಡನೇ ವರ್ಷದ ಹುಡುಗಿಗೆ ಪಾಠ ಚೆನ್ನಾಗಿ ಆಗುತ್ತಿದೆಯಾ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಹಾಗಾಗಿ ಸ್ಥಾನ ನೋಡಿ ಪುಟ ಮುಚ್ಚಬೇಡಿ. ಸಂಸ್ಥೆಗಳು ತಾವೇ ಕೊಟ್ಟ ಮಾಹಿತಿಯ ಪಿಡಿಎಫ್ ಎನ್‌ಐಆರ್‌ಎಫ್ ವೆಬ್‌ಸೈಟ್‌ನಲ್ಲಿದೆ. ಎಂಜಿನಿಯರಿಂಗ್ ವಿಭಾಗದ್ದನ್ನೇ ತೆರೆಯಿರಿ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಾಲ್ಕೇ ವರ್ಷದಲ್ಲಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂದು ವರ್ಷವಾರು ಇರುತ್ತದೆ. ಸಾವಿರ ಜನ ಸೇರಿ, 850 ಮಂದಿ ಮುಗಿಸಿ, 500 ಮಂದಿಗೆ ಕೆಲಸ ಸಿಕ್ಕಿ, 100 ಮಂದಿ ಮುಂದೆ ಓದಿದರು ಎಂದುಕೊಳ್ಳಿ. ಉಳಿದವರ ಕಥೆ ಏನು? ಕೌನ್ಸೆಲಿಂಗ್ ಮೇಜಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಸಂಬಳದಲ್ಲಿ ಮೀಡಿಯನ್ ಅಂಕಿಯನ್ನೇ ನೋಡಿ. ಕೆಲಸ ಸಿಕ್ಕಿದವರ ಸಂಬಳವನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೆದರೆ ನಟ್ಟನಡುವೆ ಸಿಗುವುದು ಅದು. ಹೋರ್ಡಿಂಗ್‌ನಲ್ಲಿ ಮಿನುಗುವ ‘ಅತಿ ಹೆಚ್ಚು ಪ್ಯಾಕೇಜ್’ ಒಬ್ಬರದ್ದು ಮಾತ್ರ. ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡಿ, ಏರಿಳಿತ ತಿಳಿಯುತ್ತದೆ.

ಮೂರನೆಯದು ದಿನದ ಬದುಕು. ನನ್ನ ಪ್ರಕಾರ ಹೆಚ್ಚು ತೂಕ ಇದಕ್ಕೇ ಕೊಡಬೇಕು. ಬಿಟ್ಸ್‌ನಲ್ಲಿ ಕಡ್ಡಾಯ ಹಾಜರಾತಿ ಇಲ್ಲ. ಪ್ರಾಕ್ಟೀಸ್ ಸ್ಕೂಲ್ ಹೆಸರಿನಲ್ಲಿ ಎರಡನೇ ವರ್ಷದ ಬಳಿಕ ಬೇಸಿಗೆಯಲ್ಲೊಮ್ಮೆ, ಕೊನೆಯ ವರ್ಷ ಒಂದು ಇಡೀ ಸೆಮಿಸ್ಟರ್ ಕಂಪನಿಗಳಲ್ಲಿ ಕೆಲಸ ಮಾಡುವ ಅವಕಾಶ ಇದೆ. ವಿಐಟಿಯಲ್ಲಿ 75% ಹಾಜರಾತಿ ನಿಯಮ ಇದೆ, ಆದರೆ ವಿಷಯ, ಸಮಯ, ಅಧ್ಯಾಪಕರನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳುವ ಪದ್ಧತಿಯೂ ಇದೆ. ತಾನಾಗಿ ಕೂತು ಓದುವ ಮಗುವಿಗೆ ಹಾಜರಾತಿ ಇಲ್ಲದಿರುವುದು ವರ. ಯಾರಾದರೂ ಎಬ್ಬಿಸಿ ಕಳಿಸಬೇಕಾದ ಮಗು ಮೊದಲ ಸೆಮಿಸ್ಟರ್‌ನಲ್ಲೇ ಹಿಂದೆ ಬೀಳಬಹುದು. ನಿಮ್ಮ ಮಗು ಎಂಥದ್ದು ಎಂದು ನಿಮಗೇ ಗೊತ್ತು, ಅಲ್ವಾ?

ಇದನ್ನೆಲ್ಲ ಅಲ್ಲಿ ಓದುತ್ತಿರುವವರ ಬಾಯಿಂದ ಕೇಳಿ. ಎರಡನೇ, ಮೂರನೇ ವರ್ಷದವರನ್ನೇ ಹುಡುಕಿ, ನಿಮಗೆ ಬೇಕಾದ ಬ್ರ್ಯಾಂಚಿನವರೇ ಇರಲಿ. ‘ಕಾಲೇಜು ಹೇಗಿದೆ’ ಎಂದರೆ ‘ಚೆನ್ನಾಗಿದೆ’ ಎಂದಷ್ಟೇ ಸಿಗುತ್ತದೆ. ಲ್ಯಾಬಿನಲ್ಲಿ ಒಂದು ಯಂತ್ರಕ್ಕೆ ಎಷ್ಟು ಜನ? ಸೆಮಿಸ್ಟರ್ ನಡುವೆ ಮೇಷ್ಟ್ರು ಬಿಟ್ಟು ಹೋದದ್ದುಂಟಾ? ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ? ಹುಡುಗಿಯರ ಹಾಸ್ಟೆಲ್‌ಗೂ ಹುಡುಗರ ಹಾಸ್ಟೆಲ್‌ಗೂ ಗೇಟು ಮುಚ್ಚುವ ಸಮಯ ಒಂದೇನಾ? ಹೀಗೆ ಬಿಡಿಬಿಡಿಯಾಗಿ ಕೇಳಿ.

ಕೊನೆಗೆ ಹಣ. ವಿಐಟಿಯಲ್ಲಿ ಪ್ರವೇಶ ಪರೀಕ್ಷೆಯ ರ‍್ಯಾಂಕ್ ನೋಡಿ ಶುಲ್ಕದ ವರ್ಗ ಬದಲಾಗುತ್ತದೆ. ಒಂದೇ ಬ್ರ್ಯಾಂಚಿಗೆ ಇಬ್ಬರು ಬೇರೆ ಬೇರೆ ಮೊತ್ತ ಕಟ್ಟುತ್ತಾರೆ. ಹಾಸ್ಟೆಲ್, ಮೆಸ್, ಊರಿಗೆ ಬಂದು ಹೋಗುವ ಖರ್ಚು ಸೇರಿಸಿ ನಾಲ್ಕೂ ವರ್ಷದ ಲೆಕ್ಕ ಹಾಕಿ. ಸೀಟು ಬಿಡಬೇಕಾಗಿ ಬಂದರೆ ಶುಲ್ಕ ಎಷ್ಟು ವಾಪಸ್, ಯಾವ ದಿನಾಂಕದೊಳಗೆ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. ಕೊಡದಿದ್ದರೆ ಆ ಸುತ್ತೋಲೆ ತೋರಿಸಿ ಕೇಳಿ ಪಡೆಯಿರಿ.