ಉಪ್ಪುನೀರಿನ ಅಕ್ವೇರಿಯಂ: ಮೀನಿಗೆ ಮೊದಲು ಕಲ್ಲು ಹದವಾಗಲಿ

ಉಪ್ಪುನೀರಿನ ಟ್ಯಾಂಕ್ ಮಾಡುವವರು ಯಾವ ಮೀನು ತರಬೇಕು ಅಂತ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಕಲ್ಲನ್ನು ಮಾತ್ರ ತಂದ ದಿನವೇ ತೊಳೆದು ಇಳಿಸಿ, ಅದೇ ವಾರ ಮೀನು ಬಿಡುತ್ತಾರೆ. ಆಮೇಲೆ ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ನೋಡಲು ಸಂಕಟವಾಗುತ್ತದೆ. ಇಂಥ ಟ್ಯಾಂಕಿಗೆ ಕಲ್ಲೇ ದೊಡ್ಡ ಫಿಲ್ಟರ್. ಅದರ ಸಣ್ಣ ತೂತುಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಮೀನಿನ ಹೊಲಸಿನಿಂದ ಬರುವ ವಿಷವಾದ ಅಮೋನಿಯಾವನ್ನು ನೈಟ್ರೈಟ್ (ಇದೂ ವಿಷವೇ) ಮಾಡಿ, ಕೊನೆಗೆ ಅಷ್ಟು ವಿಷವಲ್ಲದ ನೈಟ್ರೇಟ್ ಮಾಡುತ್ತದೆ.

ಆರಿಸುವುದು: ಕೈಯಲ್ಲಿ ಎತ್ತಿ ನೋಡಿ. ಗಾತ್ರಕ್ಕೆ ಹಗುರವಾಗಿ, ಮೈತುಂಬ ತೂತಿದ್ದರೆ ಒಳ್ಳೆಯ ಕಲ್ಲು. ಲೀಟರಿಗೆ ಸುಮಾರು 120 ಗ್ರಾಂ ಅನ್ನುವುದು ಹಳೆಯ ಲೆಕ್ಕ. ಹಗುರ ಕಲ್ಲಾದರೆ ಅಷ್ಟು ಬೇಡ. ತುಕ್ಕಿನ ಬಣ್ಣದ ಗೆರೆ ಇರುವುದನ್ನು ಅಲ್ಲೇ ಬಿಟ್ಟುಬಿಡಿ. ಲೈವ್ ರಾಕ್ (ಸಮುದ್ರದ ಜೀವಿಗಳು ಇನ್ನೂ ಬದುಕಿರುವ ಕಲ್ಲು), ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು) ಎರಡರಲ್ಲಿ ಹೊಸಬರು ಡ್ರೈ ರಾಕನ್ನೇ ತನ್ನಿ. ಲೈವ್ ರಾಕ್ ಜೊತೆ ಏಪ್ಟೇಸಿಯಾ ಎಂಬ ಪೀಡೆಯ ಜೀವಿ ಬಂದರೆ ಕಷ್ಟ. ಕಂದು ಹೂವಿನಂತಿರುವ ಅದನ್ನು ಕಿತ್ತರೆ ಉಳಿದ ಚೂರಿನಿಂದ ಮತ್ತೆ ಹುಟ್ಟುತ್ತದೆ.

ಕ್ಯೂರಿಂಗ್ (ಟ್ಯಾಂಕಿಗೆ ಇಳಿಸುವ ಮೊದಲು ಕಲ್ಲನ್ನು ಟಬ್ಬಿನಲ್ಲಿಟ್ಟು ಹದ ಮಾಡುವುದು): ಎಲ್ಲರೂ ಎಡವುವುದು ಇಲ್ಲೇ. ದೊಡ್ಡ ಪ್ಲಾಸ್ಟಿಕ್ ಟಬ್‌ನಲ್ಲಿ ಅಕ್ವೇರಿಯಂ ಉಪ್ಪು ಬೆರೆಸಿ, ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025ಕ್ಕೆ ತನ್ನಿ. ಅಡುಗೆ ಉಪ್ಪು ಬೇಡವೇ ಬೇಡ. ಹೀಟರ್ ಇಟ್ಟು 25–27 ಡಿಗ್ರಿಯಲ್ಲಿಡಿ. ಪವರ್‌ಹೆಡ್ (ನೀರಲ್ಲಿ ಮುಳುಗಿಸುವ ಸಣ್ಣ ಪಂಪು) ಹಾಕಿ ನೀರು ಜೋರಾಗಿ ಸುತ್ತುವಂತೆ ಮಾಡಿ. ಲೈಟ್ ಹಾಕಬೇಡಿ, ಪಾಚಿ ಕಟ್ಟುತ್ತದೆ.

ಲೈವ್ ರಾಕ್ ಆದರೆ ಟಬ್‌ಗೆ ಹಾಕುವ ಮೊದಲು ಗ್ಲೌಸ್ ಹಾಕಿಕೊಂಡು ಒಂದೊಂದೇ ಕಲ್ಲನ್ನು ತಿರುಗಿಸಿ ನೋಡಿ. ಸತ್ತ ಸ್ಪಂಜು ಬೂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಲೋಳೆಯಾಗಿ ಬೆರಳಿಗೆ ಅಂಟುತ್ತದೆ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಅದನ್ನು ಹಳೆಯ ಟೂತ್‌ಬ್ರಷ್‌ನಿಂದ ಉಪ್ಪುನೀರಿನಲ್ಲೇ ಉಜ್ಜಿ ತೆಗೆಯಿರಿ. ನಲ್ಲಿ ನೀರು ಬಿಟ್ಟರೆ ಬದುಕಿದ್ದದ್ದೂ ಸಾಯುತ್ತದೆ. ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿ, ತಳದ ಕಸವನ್ನು ಪೈಪಿನಿಂದ ಎಳೆದು ತೆಗೆಯಿರಿ.

ಡ್ರೈ ರಾಕ್‌ನಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ, ಹಾಗಾಗಿ ಬಾಟಲಿ ಬ್ಯಾಕ್ಟೀರಿಯಾ ಹಾಕಿ. ಅದಕ್ಕೆ ಊಟವೂ ಬೇಕಲ್ವಾ? ಅಮೋನಿಯಂ ಕ್ಲೋರೈಡ್ ಹನಿ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷದಲ್ಲಿ ಎರಡು ಭಾಗ) ಏರಿಸಿ. ವಾರಕ್ಕೆ ಎರಡು ಸಲ ಪರೀಕ್ಷೆ ಮಾಡಿ. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಅಮೋನಿಯಾ ಸೊನ್ನೆಯಾದ ಕೂಡಲೇ ಖುಷಿಯಿಂದ ಮೀನು ತರಲು ಹೋಗಬೇಡಿ. ನೈಟ್ರೈಟೂ ಸೊನ್ನೆಯಾಗಬೇಕು. ಮತ್ತೆ 2 ಪಿಪಿಎಂ ಹಾಕಿದಾಗ 24 ಗಂಟೆಯೊಳಗೆ ಎರಡೂ ಸೊನ್ನೆಗೆ ಬಂದರೆ ಕಲ್ಲು ಹದವಾಗಿದೆ ಅಂತ ಲೆಕ್ಕ. ಸಾಮಾನ್ಯವಾಗಿ ಮೂರರಿಂದ ಆರು ವಾರ ಹಿಡಿಯುತ್ತದೆ. ಪಾಚಿಗೆ ಗೊಬ್ಬರವಾಗುವ ಫಾಸ್ಫೇಟನ್ನು ಡ್ರೈ ರಾಕ್ ಬಿಡುವುದೂ ಉಂಟು. ಅದನ್ನೂ ಅಳೆದು, ಜಾಸ್ತಿ ಇದ್ದರೆ ನೀರು ಬದಲಿಸುತ್ತಿರಿ.

‘ಇವತ್ತು ಸುರಿಯಿರಿ, ಇವತ್ತೇ ಮೀನು ಬಿಡಿ’ ಅನ್ನುವ ಲೇಬಲ್ ನಂಬಬೇಡಿ. ಬಾಟಲಿ ಬ್ಯಾಕ್ಟೀರಿಯಾ ಕೆಲಸವನ್ನು ಬೇಗ ಮಾಡಿಸಬಹುದು, ಆದರೆ ಮುಗಿಯಿತೋ ಇಲ್ಲವೋ ಹೇಳಬೇಕಾದದ್ದು ಟೆಸ್ಟ್ ಕಿಟ್. ಅದರಲ್ಲೂ ಕಾಗದದ ಪಟ್ಟಿ ಬೇಡ, ಹನಿ ಹಾಕುವ ಕಿಟ್ಟನ್ನೇ ತನ್ನಿ.

ಇನ್ನೊಂದು ಮಾತು. ಹುಳ ಸಾಯಲಿ ಅಂತ ಲೈವ್ ರಾಕನ್ನು ಯಾವತ್ತೂ ಕುದಿಸಬೇಡಿ. ಅದರ ಮೇಲೆ ಜೋಯಾಂಥಿಡ್ (ಹವಳದಂಥ ಒಂದು ಜೀವಿ) ಇದ್ದರೆ ಪ್ಯಾಲಿಟಾಕ್ಸಿನ್ ಎಂಬ ವಿಷ ಹಬೆಯ ಜೊತೆ ಮೂಗಿಗೆ ಹೋಗುತ್ತದೆ. ಹೀಗೆ ಮಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು.

ಜೋಡಿಸುವುದು: ಮೊದಲು ಕಲ್ಲು, ಆಮೇಲೆ ಮರಳು. ಮರಳಿನ ಮೇಲೆ ಕಲ್ಲು ಕೂರಿಸಿದರೆ ಮೀನು ಅಡಿಯಲ್ಲಿ ಅಗೆದಾಗ ಜಾರಿ ಗಾಜಿಗೆ ಬಡಿಯುತ್ತದೆ. ಪ್ರತಿ ಕಲ್ಲನ್ನೂ ಒಮ್ಮೆ ಬೆರಳಿನಿಂದ ತಳ್ಳಿ ನೋಡಿ. ಅಲುಗಾಡಿದರೆ ತೆಗೆದು ಮತ್ತೆ ಕೂರಿಸಿ.