ಹೆಸರಿನ ಹಾಡೇ ಇಲ್ಲದ ‘ಹೈ ವೋಲ್ಟೇಜ್’

ಮೆಲ್ಬರ್ನ್‌ಗೆ ಕೆಲಸಕ್ಕೆ ಬಂದ ಮೊದಲ ವರ್ಷ, ಹಳೇ ರೆಕಾರ್ಡಿನ ಅಂಗಡಿಯೊಂದರಲ್ಲಿ ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿಯ ‘ಹೈ ವೋಲ್ಟೇಜ್’ ಎಲ್‌ಪಿ ಸಿಕ್ಕಿತು. ಹಾಸ್ಟೆಲ್ ದಿನಗಳಲ್ಲಿ ಟೇಪು ಸವೆಯುವಷ್ಟು ಕೇಳಿದ್ದ ಆಲ್ಬಂ. ಕವರ್ ಮಾತ್ರ ಬೇರೆ. ನಾನು ನೋಡಿದ್ದು ಮಿಂಚಿನ ಜೊತೆಗಿನ ಗಿಟಾರಿಸ್ಟ್ ಆಂಗಸ್ ಯಂಗ್. ಇದರಲ್ಲಿ ಕರೆಂಟಿನ ಸಬ್‌ಸ್ಟೇಷನ್, ಅಲ್ಲೇ ಕಾಲೆತ್ತಿ ಉಚ್ಚೆ ಹೊಯ್ಯುತ್ತಿರುವ ನಾಯಿ. ಕವರ್ ಬದಲಾದರೆ ಏನಾಯ್ತು ಅಂದುಕೊಂಡು ತಂದೆ.

ಮನೆಯಲ್ಲಿ ಎರಡೂ ಬದಿ ಮುಗಿಯಿತು. ‘ಹೈ ವೋಲ್ಟೇಜ್’ ಹಾಡು ಬರಲೇ ಇಲ್ಲ! ‘ಟಿಎನ್‌ಟಿ’ ಇಲ್ಲ, ‘ದಿ ಜ್ಯಾಕ್’ ಇಲ್ಲ. ಅಂಗಡಿಯವನು ಬೇರೆ ಡಿಸ್ಕ್ ತುರುಕಿ ಕೊಟ್ಟ ಅಂತ ಸುಮ್ನೆ ಬೈದುಕೊಂಡೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಈ ಹೆಸರಿನ ಆಲ್ಬಂಗಳು ಎರಡಿವೆ. ಮೊದಲನೆಯದು ಆಸ್ಟ್ರೇಲಿಯಾದ್ದು. 1974ರ ನವೆಂಬರ್‌ನಲ್ಲಿ ಸಿಡ್ನಿಯ ಆಲ್ಬರ್ಟ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿ, 1975ರ ಫೆಬ್ರವರಿಯಲ್ಲಿ ಬಂತು. ‘ಹೈ ವೋಲ್ಟೇಜ್’ ಅನ್ನೋ ಹಾಡು ಮಾಡಿದ್ದೇ ಆಮೇಲೆ. ಅದು ಸೇರಿದ್ದು ಅದೇ ವರ್ಷದ ಡಿಸೆಂಬರ್‌ನ ಎರಡನೇ ಆಲ್ಬಂ ‘ಟಿಎನ್‌ಟಿ’ಗೆ. ಇನ್ನು 1976ರಲ್ಲಿ ಅಟ್ಲಾಂಟಿಕ್ ಕಂಪನಿ ಹೊರದೇಶಗಳಿಗೆ ತಂದ ‘ಹೈ ವೋಲ್ಟೇಜ್’ನಲ್ಲಿ ಇರುವುದು ಒಂಬತ್ತು ಹಾಡು. ಅದರಲ್ಲಿ ಏಳು ‘ಟಿಎನ್‌ಟಿ’ಯವು, ಮೊದಲ ಆಲ್ಬಂನವು ಎರಡೇ. ಅಂದರೆ ನಾವೆಲ್ಲ ಮೊದಲನೆಯದು ಅಂತ ಕೇಳಿದ್ದು ಹೆಚ್ಚುಕಮ್ಮಿ ಎರಡನೆಯದನ್ನೇ.

ನನ್ನ ಎಲ್‌ಪಿಯಲ್ಲಿ ಗೀರು ಜಾಸ್ತಿ. ಕಾರಿನಲ್ಲಿ ಕೇಳಲು ಆಸ್ಟ್ರೇಲಿಯಾದ ಎಂಟು ಹಾಡನ್ನೂ ಬೇರೆ ಸಿಡಿಗಳಿಂದ ಹೆಕ್ಕಿ ಜೋಡಿಸಲು ಕೂತೆ. ‘ಶೀಸ್ ಗಾಟ್ ಬಾಲ್ಸ್’, ‘ಲಿಟಲ್ ಲವರ್’ ಎರಡೂ ಹೊರದೇಶದ ‘ಹೈ ವೋಲ್ಟೇಜ್’ನಲ್ಲೇ ಇದ್ದವು. ‘ಬೇಬಿ, ಪ್ಲೀಸ್ ಡೋಂಟ್ ಗೋ’, ‘ಸೋಲ್ ಸ್ಟ್ರಿಪರ್’, ‘ಯೂ ಏಂಟ್ ಗಾಟ್ ಎ ಹೋಲ್ಡ್ ಆನ್ ಮಿ’, ‘ಶೋ ಬಿಸಿನೆಸ್’ ಈ ನಾಲ್ಕು 1984ರ ‘’74 ಜೈಲ್‌ಬ್ರೇಕ್’ನಲ್ಲಿ ಸಿಕ್ಕವು. ಅದರ ಹೆಸರೂ ಒಂದು ತಮಾಷೆ. ‘ಜೈಲ್‌ಬ್ರೇಕ್’ 1976ರ ಹಾಡು, 74ರವು ಉಳಿದ ನಾಲ್ಕು.

ಸತಾಯಿಸಿದ್ದು ಕೊನೆಯ ಎರಡು, ‘ಸ್ಟಿಕ್ ಅರೌಂಡ್’ ಮತ್ತು ‘ಲವ್ ಸಾಂಗ್’. 2009ರ ‘ಬ್ಯಾಕ್‌ಟ್ರ್ಯಾಕ್ಸ್’ ಸೆಟ್‌ನಲ್ಲಿವೆ ಅಂತ ಗೊತ್ತಾಗಿ, ಎರಡೇ ಹಾಡಿಗಾಗಿ ಆ ಪೆಟ್ಟಿಗೆ ಕೊಂಡೆ. ‘ಲವ್ ಸಾಂಗ್’ ಅಂಥಾ ಹಾಡೇನಲ್ಲ. ಎಸಿ/ಡಿಸಿ ಮೆಲ್ಲಗೆ ಪ್ರೀತಿ ಹಾಡೋದನ್ನ ಕೇಳೋಕೆ ಒಂಥರಾ ಮುಜುಗರ. 1975ರಲ್ಲಿ ಅದನ್ನೇ ಸಿಂಗಲ್‌ನ, ಅಂದರೆ ಬದಿಗೊಂದು ಹಾಡಿನ ಪುಟ್ಟ ರೆಕಾರ್ಡಿನ, ಮುಂದಿನ ಬದಿಗೆ ಹಾಕಿದ್ದರು. ರೇಡಿಯೋದವರು ತಿರುಗಿಸಿ ಹಿಂದಿನ ಬದಿಯ ‘ಬೇಬಿ, ಪ್ಲೀಸ್ ಡೋಂಟ್ ಗೋ’ ಬಾರಿಸಿದರು. ಗೆದ್ದಿದ್ದು ಅದೇ. ಟಿವಿಯಲ್ಲಿ ಆ ಹಾಡಿಗೆ ಬ್ಯಾಂಡಿನ ಗಾಯಕ ಬಾನ್ ಸ್ಕಾಟ್ ಸ್ಕೂಲ್ ಹುಡುಗಿಯ ವೇಷ ಹಾಕಿಕೊಂಡು ಬಂದಿದ್ದ.

ಜೋಡಿಸುವಾಗ ಮೊದಲ ಸಲ ಎಡವಿದೆ. ಮೂರು ಕಡೆಯ ಹಾಡು, ಒಂದೊಂದರ ಸದ್ದು ಒಂದೊಂದು ಮಟ್ಟ. ಒಂದು ಹಾಡಿಗೆ ವಾಲ್ಯೂಮ್ ಏರಿಸಿದರೆ ಮುಂದಿನದು ಕಿವಿಗೆ ಹೊಡೀತಿತ್ತು. ಕೊನೆಗೆ ಎಲ್‌ಪಿಯನ್ನೇ ಪಕ್ಕದಲ್ಲಿ ಹಾಕಿಕೊಂಡು, ಜೋರಾಗಿದ್ದವನ್ನು ಅಷ್ಟಷ್ಟೇ ತಗ್ಗಿಸುತ್ತಾ ಹೋದೆ. ಮೆಲ್ಲಗಿದ್ದವನ್ನು ಏರಿಸೋಕೆ ಹೋದರೆ ದನಿ ಒಡೆಯುತ್ತೆ, ಆ ತಪ್ಪು ಮಾಡಬೇಡಿ. ಹಾಡುಗಳ ಕ್ರಮವೂ ಎಲ್‌ಪಿಯದೇ. ‘ಬೇಬಿ’ಯಿಂದ ಶುರು, ನಾಲ್ಕನೆಯದು ‘ಸ್ಟಿಕ್ ಅರೌಂಡ್’. ಎರಡನೇ ಬದಿ ‘ಸೋಲ್ ಸ್ಟ್ರಿಪರ್’ನಿಂದ.

ಯಾವುದು ಚೆನ್ನ ಅಂದರೆ, ನನ್ನ ಕಿವಿಗೆ ಹೊರದೇಶದ್ದೇ. ಆದರೆ ಆಂಗಸ್, ಅವನ ಅಣ್ಣ ಮಾಲ್ಕಂ ಇನ್ನೂ ದಾರಿ ಹುಡುಕುತ್ತಿರುವುದು ಕೇಳಿಸುವುದು ಈ ಹಳೆಯದರಲ್ಲಿ. ಹೆಚ್ಚಿನ ಹಾಡುಗಳಲ್ಲಿ ಡ್ರಮ್ಸ್ ಹೊಡೆದವರೂ ಮುಂದೆ ಬ್ಯಾಂಡಿನ ಡ್ರಮ್ಮರ್ ಆದ ಫಿಲ್ ರಡ್ ಅಲ್ಲ, ಟೋನಿ ಕರೆಂಟಿ.

ಎರಡು ಬದಿಗಳ ನಡುವೆ, ಡಿಸ್ಕ್ ತಿರುಗಿಸಲು ಬೇಕಾಗುವಷ್ಟು ಹೊತ್ತು, ಹದಿನೈದು ಸೆಕೆಂಡ್ ಖಾಲಿ ಬಿಟ್ಟಿದ್ದೇನೆ. ಕಾರಿನಲ್ಲಿ ಅಲ್ಲಿಗೆ ಬಂದಾಗಲೆಲ್ಲ ನನ್ನ ಹೆಂಡತಿ ಕೇಳುತ್ತಾಳೆ: “ಯಾಕ್ರೀ, ಮತ್ತೆ ನಿಂತೋಯ್ತಾ?”